ನೋಡ್ ಎಂಬ ಗಂಟಿನ ಕತೆ

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ರಾತ್ರಿ ಪಾಳಿ ಮಾಡುವವರ ಬಾಯಲ್ಲಿ ಇಂಥ ಮಾತು ಸಲೀಸಾಗಿ ಬರುತ್ತದೆ: ‘ಆ ನೋಡ್ ನಾಟ್‌ರೆಡಿ ಆಗಿದೆ ನೋಡು ಗುರು, ಕಾರ್ಡನ್ ಹಾಕಿ ಡ್ರೈನ್ ಮಾಡ್ಬಿಡು.’ ಇದರಲ್ಲಿ ಎರಡು ‘ನೋಡು’ ಇವೆ. ಒಂದು ಕಣ್ಣಿನದು, ಅಪ್ಪಟ ನಮ್ಮದು. ಇನ್ನೊಂದು ರೋಮನ್ನರ ಮನೆಯಿಂದ ಹೊರಟು ವೈದ್ಯರು, ಜ್ಯೋತಿಷಿಗಳು, ವಾದ್ಯಶಾಸ್ತ್ರಜ್ಞರು, ವಿದ್ಯುತ್ತಿನವರು ಎಲ್ಲರ ಕೈ ದಾಟಿ ಬಂದದ್ದು. ಉಚ್ಚಾರ ಕೂಡಿಕೊಂಡಿದೆ, ಅಷ್ಟೇ, ರಕ್ತಸಂಬಂಧವಿಲ್ಲ.

ಲ್ಯಾಟಿನ್ನಿನ ನೋದುಸ್ ಎಂದರೆ ಗಂಟು. ಹಗ್ಗದ ಗಂಟಿಗೂ ಅದೇ, ಮರದ ಗಂಟಿಗೂ ಅದೇ, ಬೆರಳಿನ ಗೆಣ್ಣಿಗೂ ಅದೇ, ಬಿಡಿಸಲಾಗದ ಸಮಸ್ಯೆಗೂ ಅದೇ. ಕನ್ನಡದ ಗಂಟು ಕೂಡ ಹೀಗೆಯೇ ಹಬ್ಬಿದೆಯಲ್ಲ: ಕಗ್ಗಂಟು, ಬ್ರಹ್ಮಗಂಟು, ಇಡುಗಂಟು, ಗಂಟುಮೋರೆ, ಮುದ್ದೆಯೊಳಗೆ ಸಿಗುವ ಗಂಟು. ಇಂಗ್ಲಿಷಿಗೆ ಈ ಪದ ಹೊಕ್ಕದ್ದು ಸುಮಾರು 1400ರ ಹೊತ್ತಿಗೆ, ವೈದ್ಯರ ಮೂಲಕ. ಮೈಮೇಲೆ ಎದ್ದ ಗಡ್ಡೆಯನ್ನು ಹಾಗೆ ಕರೆದರು. ಕುತ್ತಿಗೆಯಲ್ಲೋ ಕಂಕುಳಲ್ಲೋ ಊದಿಕೊಂಡ ಲಿಂಫ್ ನೋಡನ್ನು ಡಾಕ್ಟರು ಒತ್ತಿ ನೋಡುವಾಗ ಇಂದಿಗೂ ಉಳಿದಿರುವುದು ಆ ಅರ್ಥವೇ. ಮುಂದೆ ಸಸ್ಯಶಾಸ್ತ್ರದವರೂ ಅದನ್ನು ಎತ್ತಿಕೊಂಡರು. ಕಬ್ಬಿನ ಗೆಣ್ಣು ಪಾಠಪುಸ್ತಕದಲ್ಲಿ ನೋಡ್ ಆಯಿತು. ಕಬ್ಬು ಬಿತ್ತುವವರು ಕಣ್ಣು ಇರುವ ಗೆಣ್ಣನ್ನೇ ಆರಿಸಿ ನೆಡುತ್ತಾರೆ, ಏಕೆಂದರೆ ಮೊಳಕೆ ಒಡೆಯುವುದು ಅಲ್ಲೇ.

ಬೇರು ಇನ್ನೂ ಆಳಕ್ಕೆ ಹೋಗುತ್ತದೆ. ಭಾಷಾಶಾಸ್ತ್ರಜ್ಞರು ಇದಕ್ಕೆ ‘ನೆದ್’ ಎಂಬ ಇಂಡೋ-ಯುರೋಪಿಯನ್ ಧಾತುವನ್ನು ಊಹಿಸಿದ್ದಾರೆ. ಅರ್ಥ ಕಟ್ಟು, ಬಿಗಿ. ಇಂಗ್ಲಿಷಿನ ನೆಟ್, ಅಂದರೆ ಬಲೆ, ಇದೇ ಬಳ್ಳಿಯದೆಂದು ಎಣಿಕೆ. ಹಾಗಾದರೆ ನೆಟ್‌ವರ್ಕಿನ ನೋಡ್ ಎನ್ನುವುದು ಬಲೆಯ ಗಂಟು. ಎರಡೂ ಪದಗಳು ಸಾವಿರಾರು ವರ್ಷದ ಮೇಲೆ ಒಂದೇ ವಾಕ್ಯದಲ್ಲಿ ಮತ್ತೆ ಭೇಟಿಯಾಗಿವೆ. ಹಳೆಯ ನಿಘಂಟುಕಾರರು ಸಂಸ್ಕೃತದ ‘ನಹ್’ ಧಾತುವನ್ನೂ ಈ ಕುಟುಂಬಕ್ಕೆ ಸೇರಿಸಿದರು. ನದ್ಧ ಎಂದರೆ ಕಟ್ಟಿದ್ದು. ಕಾಲಿಗೆ ಕಟ್ಟಿದ್ದು ಉಪಾನಹ, ಪಾದರಕ್ಷೆ. ಕವಚ ಕಟ್ಟಿಕೊಂಡು ನಿಂತವನು ಸನ್ನದ್ಧ. ಈಚಿನ ವಿದ್ವಾಂಸರು ದಕಾರಕ್ಕೂ ಧಕಾರಕ್ಕೂ ತಾಳೆಯಾಗದೆಂದು ಅನುಮಾನ ಎತ್ತಿದ್ದಾರೆ, ಅನುಮಾನ ನ್ಯಾಯವಾದದ್ದೇ. ಆದರೂ ಸನ್ನದ್ಧ ಎಂಬ ಪದವನ್ನು ಬದಿಗಿಟ್ಟುಕೊಂಡಿರಿ, ಅದರಿಂದ ಕೆಲಸವಿದೆ.

17ನೆಯ ಶತಮಾನದಲ್ಲಿ ಇಂಗ್ಲಿಷಿನ ನೋಡ್ ಆಕಾಶಕ್ಕೇರಿತು. ಚಂದ್ರ ಸುತ್ತುವ ದಾರಿ, ನಮ್ಮ ಕಣ್ಣಿಗೆ ಸೂರ್ಯ ನಡೆಯುವ ದಾರಿಗಿಂತ ಸುಮಾರು 5 ಡಿಗ್ರಿ ವಾಲಿದೆ. ಎರಡು ದಾರಿಗಳೂ ಎರಡು ಕಡೆ ಒಂದನ್ನೊಂದು ದಾಟುತ್ತವೆ. ದಾಟುವ ಆ ಬಿಂದುಗಳಿಗೆ ಖಗೋಳದವರು ಇಟ್ಟ ಹೆಸರು ನೋಡ್. ಅವು ನಮಗೆ ಹೊಸಬರಲ್ಲ. ಚಂದ್ರ ದಕ್ಷಿಣದಿಂದ ಉತ್ತರಕ್ಕೆ ದಾಟುವಲ್ಲಿ ರಾಹು, ಉತ್ತರದಿಂದ ದಕ್ಷಿಣಕ್ಕೆ ದಾಟುವಲ್ಲಿ ಕೇತು. ಗಣಿತದವರ ಮಾತಿನಲ್ಲಿ ‘ಪಾತ’. ಅಮಾವಾಸ್ಯೆ, ಹುಣ್ಣಿಮೆಗಳು ಈ ಬಿಂದುಗಳ ಹತ್ತಿರ ಬಿದ್ದರೆ ಮಾತ್ರ ಗ್ರಹಣ. ಬಿಂದುಗಳೂ ನಿಂತಲ್ಲಿ ನಿಲ್ಲುವುದಿಲ್ಲ, ಹಿಮ್ಮುಖವಾಗಿ ಜಾರುತ್ತಾ 18.6 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತವೆ. ಪಂಚಾಂಗದಲ್ಲಿ ರಾಹು-ಕೇತುಗಳಿಗೆ ಸದಾ ವಕ್ರಗತಿ ಬರೆಯುವುದು ಅದಕ್ಕೇ. ಪಶ್ಚಿಮದವರೂ ಇವನ್ನು ಡ್ರ್ಯಾಗನ್ನಿನ ತಲೆ ಮತ್ತು ಬಾಲ ಎಂದರು. ಬರಿಗಣ್ಣಿಗಾಗಲಿ ದೂರದರ್ಶಕಕ್ಕಾಗಲಿ ಅಲ್ಲಿ ಏನೂ ಸಿಗದು. ಕೈಗೆ ಸಿಗುವ ಗಡ್ಡೆಯಾಗಿದ್ದ ಪದ ಮೊದಲ ಸಲ ಟೊಳ್ಳಾದದ್ದು ಇಲ್ಲಿ. ಇನ್ನು ಮೇಲೆ ನೋಡ್ ಎಂದರೆ ವಸ್ತುವಲ್ಲ, ದಾರಿಗಳು ಕೂಡುವ ಜಾಗ.

ಸಂಗೀತದಲ್ಲಿ ಅದು ಮತ್ತೊಂದು ರೂಪ ತಾಳಿತು. ಫ್ರಾನ್ಸಿನ ಜೋಸೆಫ್ ಸೊವರ್ 1701ರ ಸುಮಾರಿಗೆ, ಮಿಡಿದ ತಂತಿಯಲ್ಲಿ ಕೆಲವು ಬಿಂದುಗಳು ಅಲುಗದೆ ನಿಲ್ಲುವುದನ್ನು ಗುರುತಿಸಿ ಅವನ್ನು ಗಂಟುಗಳೆಂದು ಕರೆದ. ನಡುವೆ ತೊನೆಯುವ ಭಾಗಕ್ಕೆ ಅವನಿಟ್ಟ ಹೆಸರು ಹೊಟ್ಟೆ. ತಂತಿಯಲ್ಲಿ ಅದು ಬಿಂದು, ಚರ್ಮವಾದ್ಯದಲ್ಲಿ ಗೆರೆ. ಸಿ.ವಿ. ರಾಮನ್ ಮೃದಂಗದ ಮೇಲೆ ನಯವಾದ ಮರಳು ಉದುರಿಸಿ ನುಡಿಸಿ, ಮರಳು ನಿಶ್ಚಲ ಗೆರೆಗಳ ಮೇಲೆ ಹೋಗಿ ಕೂರುವುದನ್ನು ಚಿತ್ರ ಹಿಡಿದರು. 1934ರಲ್ಲಿ ಬೆಂಗಳೂರಿನಿಂದಲೇ ಆ ಪ್ರಬಂಧ ಹೊರಬಂತು. ನಡುವಿನ ಕಪ್ಪು ಲೇಪದಿಂದಾಗಿ ಮೃದಂಗಕ್ಕೆ ತಂತಿವಾದ್ಯದಂಥ ಸ್ವರಶ್ರೇಣಿ ದಕ್ಕುತ್ತದೆ ಎಂದು ತೋರಿಸಿದ ಪ್ರಬಂಧ ಅದು.

ಮುಂದಿನದ್ದನ್ನು ಬೇಗ ಮುಗಿಸಬಹುದು. 1845ರಲ್ಲಿ ಕಿರ್ಚಾಫ್, ತಂತಿಗಳು ಕೂಡುವಲ್ಲಿ ಒಳಬಂದಷ್ಟೇ ವಿದ್ಯುತ್ತು ಹೊರಹೋಗಬೇಕು ಎಂದು ನಿಯಮ ಮಾಡಿದ; ಆ ಕೂಡುವ ಜಾಗ ನೋಡ್ ಆಯಿತು. 1969ರಲ್ಲಿ ಅರ್ಪಾನೆಟ್ ಎಂಬ ಅಮೆರಿಕದ ಜಾಲ ಹುಟ್ಟಿದಾಗ ಅದಕ್ಕೆ ಇದ್ದದ್ದು ನಾಲ್ಕು ನೋಡ್‌ಗಳು: ಮೂರು ಕ್ಯಾಲಿಫೋರ್ನಿಯಾದಲ್ಲಿ, ಒಂದು ಯೂಟಾದಲ್ಲಿ. ಒಂದೊಂದೂ ಒಂದು ಸಂಸ್ಥೆಯ ಪ್ರತಿಷ್ಠೆ. ಒಂದು ಬಿದ್ದರೆ ಜಾಲದ ಕಾಲುಭಾಗ ಹೋದಂತೆ.

ಈಗ ಕುಬರ್ನೆಟಿಸ್. ಗೂಗಲ್ 2014ರ ಜೂನಿನಲ್ಲಿ ಇದನ್ನು ಹೊರಬಿಟ್ಟಿತು. ಗ್ರೀಕಿನಲ್ಲಿ ಚುಕ್ಕಾಣಿ ಹಿಡಿಯುವವನು ಎಂದರ್ಥ. (ಕುಬೇರನಿಗೂ ಇದಕ್ಕೂ ಸಂಬಂಧವಿಲ್ಲ, ತಿಂಗಳ ಕೊನೆಗೆ ಕ್ಲೌಡ್ ಬಿಲ್ ನೋಡಿದವರು ಏನೇ ಅನ್ನಲಿ.) ತಂತ್ರಾಂಶವನ್ನು ಕಂಟೇನರುಗಳಲ್ಲಿ ತುಂಬಿ, ಪಾಡ್ ಎಂಬ ಪುಟ್ಟ ಗುಂಪುಗಳಾಗಿ ಮಾಡಿ, ಯಾವ ಪಾಡ್ ಯಾವ ಯಂತ್ರದ ಮೇಲೆ ನಡೆಯಬೇಕೆಂದು ಅದು ತೀರ್ಮಾನಿಸುತ್ತದೆ. ಆ ಯಂತ್ರಗಳಿಗೆ ಮೊದಲು ಇಟ್ಟ ಹೆಸರು ಮಿನಿಯನ್, ಅಂದರೆ ಹೇಳಿದ್ದಕ್ಕೆಲ್ಲ ಹೂಂಗುಟ್ಟುವ ಚೇಲ. 2015ರ ಜುಲೈನಲ್ಲಿ ಮೊದಲ ಪೂರ್ಣ ಆವೃತ್ತಿ ಬರುವುದಕ್ಕೆ ಮುನ್ನವೇ ಅದನ್ನು ಬಿಟ್ಟು ನೋಡ್ ಎಂದರು. ಹೆಸರಿಗೆ ಮರ್ಯಾದೆ ಬಂತು, ಸ್ಥಾನಕ್ಕೆ ಬರಲಿಲ್ಲ.

ಹೇಗೆಂದರೆ, ಇಲ್ಲಿ ಪ್ರತಿ ನೋಡೂ ಸುಮಾರು 10 ಸೆಕೆಂಡಿಗೊಮ್ಮೆ ‘ಬದುಕಿದ್ದೇನೆ’ ಎಂದು ಹಾಜರಿ ಹಾಕಬೇಕು. ಹಾಕುವುದು ಅದರೊಳಗಿರುವ ಕ್ಯೂಬ್ಲೆಟ್ ಎಂಬ ಆಳು. ಮುಕ್ಕಾಲು ನಿಮಿಷದ ಆಸುಪಾಸು ಸದ್ದಿಲ್ಲದಿದ್ದರೆ ಸ್ಥಿತಿ ‘ನಾಟ್‌ರೆಡಿ’ ಆಗುತ್ತದೆ. ಮಾಮೂಲಿ ಏರ್ಪಾಡಿನಲ್ಲಿ ಇನ್ನೊಂದು 5 ನಿಮಿಷ ಕಾಯ್ದು, ಅದರ ಮೇಲಿದ್ದ ಪಾಡ್‌ಗಳ ಆಸೆ ಬಿಟ್ಟು, ಬೇರೆ ಕಡೆ ಹೊಸದಾಗಿ ಎಬ್ಬಿಸುತ್ತಾರೆ. ಸತ್ತ ನೋಡಿನ ಕತೆ ಅದು. ಬದುಕಿರುವ ನೋಡನ್ನು ರಿಪೇರಿಗೋ ಹೊಸ ಆವೃತ್ತಿಗೋ ತೆಗೆಯುವಾಗ ಮೊದಲು ಕಾರ್ಡನ್: ಫ್ರೆಂಚಿನಲ್ಲಿ ಹಗ್ಗ, ಮೂಲದಲ್ಲಿ ಗ್ರೀಕರ ಕರುಳಿನ ತಂತಿ, ವಾದ್ಯಕ್ಕೆ ಬಿಗಿಯುತ್ತಿದ್ದದ್ದು. ಸುತ್ತ ಹಗ್ಗ ಕಟ್ಟಿದಂತೆ ಹೊಸ ಪಾಡ್‌ಗಳಿಗೆ ಪ್ರವೇಶ ಬಂದ್, ಒಳಗಿದ್ದವು ಹಾಗೇ ಇರುತ್ತವೆ. ಬಳಿಕ ಡ್ರೈನ್: ಒಳಗಿದ್ದವನ್ನೂ ಒಕ್ಕಲೆಬ್ಬಿಸುವುದು. ಅದಕ್ಕೂ ಒಂದು ರೀತಿ-ನೀತಿ ಇದೆ. ‘ನನ್ನ ಮೂರು ಪ್ರತಿಗಳಲ್ಲಿ ಎರಡಾದರೂ ಸದಾ ನಡೆಯುತ್ತಿರಬೇಕು’ ಎಂದು ತಂತ್ರಾಂಶದ ಒಡೆಯರು ಮೊದಲೇ ಬರೆದಿಟ್ಟಿದ್ದರೆ ಡ್ರೈನ್ ಕಾಯುತ್ತದೆ. ಮೂರಕ್ಕೆ ಮೂರೂ ಬೇಕು ಎಂದು ಬರೆದಿಟ್ಟರಂತೂ ಕೊನೆಯಿಲ್ಲದೆ ಕಾಯುತ್ತದೆ. ನಡುರಾತ್ರಿಯ ಬೈಗುಳಗಳಲ್ಲಿ ದೊಡ್ಡ ಪಾಲು ಸಲ್ಲುವುದು ಅಂಥ ಬರಹಕ್ಕೆ. ಎಲ್ಲ ಖಾಲಿಯಾದ ಮೇಲೆ ಯಂತ್ರವನ್ನು ಅಳಿಸಿ ಇನ್ನೊಂದನ್ನು ತರುತ್ತಾರೆ. ಅಗ್ಗದ ಬಾಡಿಗೆಯ ಕೆಲವು ಕ್ಲೌಡ್ ಯಂತ್ರಗಳನ್ನು ಎರಡೇ ನಿಮಿಷದ ನೋಟಿಸು ಕೊಟ್ಟು ವಾಪಸು ಕಿತ್ತುಕೊಳ್ಳುವುದೂ ಉಂಟು. ಒಂದು ಕ್ಲಸ್ಟರಿಗೆ, ಅಂದರೆ ಒಟ್ಟಾಗಿ ನಡೆಯುವ ಯಂತ್ರಗಳ ಒಂದು ಕೂಟಕ್ಕೆ, 5,000 ನೋಡ್‌ಗಳವರೆಗೆ ಎಂಬ ಲೆಕ್ಕದಲ್ಲಿ ವ್ಯವಸ್ಥೆ ಕಟ್ಟಿದವರಿಗೆ ಒಂದರ ಸಾವು ಸುದ್ದಿಯೇ ಅಲ್ಲ.

ಈ ಧೋರಣೆಗೆ ಇಂಗ್ಲಿಷಿನ ಎಂಜಿನಿಯರುಗಳು ಒಂದು ಗಾದೆ ಮಾಡಿಕೊಂಡಿದ್ದಾರೆ: ಸರ್ವರುಗಳನ್ನು ಮುದ್ದಿನ ನಾಯಿಯಂತೆ ಸಾಕಬೇಡಿ, ದನದ ಮಂದೆಯಂತೆ ನೋಡಿ, ಹೆಸರಿಡಬೇಡಿ, ನಂಬರು ಹಾಕಿ. ಕನ್ನಡದವರ ಮುಂದೆ ಈ ಗಾದೆ ಕುಂಟುತ್ತದೆ. ಗೋವಿನ ಹಾಡಿನ ಗೊಲ್ಲ ಮಂದೆಯ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದೇ ಕರೆಯುತ್ತಾನೆ. ಪುಣ್ಯಕೋಟಿಗೆ ನಂಬರು ಹಾಕಿದ್ದರೆ ಕತೆಯೇ ಹುಟ್ಟುತ್ತಿರಲಿಲ್ಲ.

ಮಾತಿನ ಅರ್ಥ ಇಲ್ಲಿ ತಿರುವುಮುರುವಾಗಿದೆ ಎಂಬುದು ನನ್ನ ಎಣಿಕೆ. ಗಂಟಿನ ಗುಣ ಬಿಗಿದು ಹಿಡಿಯುವುದು. ಬಲೆಯ ಒಂದು ಗಂಟು ಬಿಚ್ಚಿದರೆ ಮೀನು ಹೋಯಿತು. ಗಾರ್ಡಿಯಮ್ಮಿನ ಗಂಟು ಬಿಚ್ಚಲಾರದೆ ಅಲೆಕ್ಸಾಂಡರ್ ಕತ್ತಿ ಎತ್ತಿದನಂತೆ. ಕುಬರ್ನೆಟಿಸ್ಸಿನ ನೋಡಿಗೆ ಇರುವ ಹೆಚ್ಚುಗಾರಿಕೆಯೋ ಸುಲಭವಾಗಿ ಬಿಚ್ಚಿಕೊಳ್ಳುವುದು. ಹಳೆಯ ಅರ್ಥ ಪೂರ್ತಿ ಸತ್ತಿಲ್ಲ, ಅದನ್ನೂ ಹೇಳಬೇಕು. ಇಡೀ ಕ್ಲಸ್ಟರಿನ ನೆನಪನ್ನು ಇಟ್ಟುಕೊಂಡಿರುವ ಎಟ್ಸಿಡಿ ಸಾಮಾನ್ಯವಾಗಿ ಮೂರು ನೋಡ್‌ಗಳ ಮೇಲೆ ಕೂತಿರುತ್ತದೆ; ಒಂದು ಹೋದರೆ ನಡೆಯುತ್ತದೆ, ಎರಡು ಹೋದರೆ ಬಹುಮತ ತಪ್ಪಿ ಹೊಸದೇನನ್ನೂ ಬರೆಯಲಾಗದು. ಅವು ಇಂದಿಗೂ ನಿಜವಾದ ಗಂಟುಗಳೇ, ಮುಟ್ಟುವ ಮುಂಚೆ ಎರಡು ಸಲ ಯೋಚಿಸಬೇಕಾದವು.

ಹೀಗಾಗಿ ಕನ್ನಡದಲ್ಲಿ ಕುಬರ್ನೆಟಿಸ್ ಕೈಪಿಡಿ ಬರೆಯುವವರಲ್ಲಿ ಒಂದು ವಿನಂತಿ. ನೋಡನ್ನು ನೋಡ್ ಎಂದೇ ಉಳಿಸಿಕೊಳ್ಳಿ. ಗಂಟು ಎಂದರೆ ಇಲ್ಲದ ಬಿಗಿ ಬಂದುಬಿಡುತ್ತದೆ. ಎವಿಕ್ಷನ್ನಿಗೆ ಒಕ್ಕಲೆಬ್ಬಿಸುವುದು ಎಂಬ ಮಾತು ಹೊಲ-ಮನೆಯವರ ಬಾಯಲ್ಲಿ ಸಿದ್ಧವಾಗಿದೆ. ರೆಡಿ ಎಂಬ ಸ್ಥಿತಿಗೆ ‘ಸನ್ನದ್ಧ’ ಬರೆಯಿರಿ. ನಿಘಂಟುಕಾರರ ಜಗಳ ಹೇಗೇ ಮುಗಿಯಲಿ, ಟೊಂಕಕಟ್ಟಿ ನಿಂತ ಯಂತ್ರಕ್ಕೆ ಅದಕ್ಕಿಂತ ಒಪ್ಪುವ ಪದ ನಮ್ಮಲ್ಲಿಲ್ಲ.