ಕಾನಕಾನಹಳ್ಳಿ ಸೀಮೆಯ ಕಥೋಲಿಕ ಧರ್ಮಕೇಂದ್ರಗಳು

ಇಂದು ಕನಕಪುರವೆಂಬ ಹೆಸರು ಪಡೆದಿರುವ ಕಾನಕಾನಹಳ್ಳಿಯ ಸೀಮೆಯು, ಮರಳವಾಡಿ, ಹಾರೋಹಳ್ಳಿ, ಸಾತನೂರುಗಳ ರಾಗಿಯ ಹೊಲಗಳಿಂದ ಹಿಡಿದು ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದವರೆಗೆ ಹಬ್ಬಿರುವ ಕಲ್ಲುಗುಡ್ಡಗಳ ನಾಡು. ಈ ಸೀಮೆಯ ಕಥೋಲಿಕ ಕ್ರೈಸ್ತರ ಚರಿತ್ರೆಯನ್ನು ಅರಿಯಲಿಚ್ಛಿಸುವವರು ಮುಖ್ಯವಾಗಿ ಎರಡು ಊರುಗಳನ್ನು ನೋಡಬೇಕು: ಹಾರೋಬೆಲೆ ಮತ್ತು ಮರಿಯಾಪುರ. ಮೊದಲನೆಯದರಲ್ಲಿ ಇದ್ದ ಊರಿಗೆ ಧರ್ಮವು ಬಂದು ಸೇರಿತು; ಎರಡನೆಯದರಲ್ಲಿ ಧರ್ಮದ ಆಸರೆಯಿಂದಲೇ ಊರು ಹುಟ್ಟಿತು.

ಮೈಸೂರು ಸೀಮೆಯಲ್ಲಿ ಕಥೋಲಿಕ ಪ್ರಚಾರಕಾರ್ಯದ ಆರಂಭವನ್ನು ಸಾಮಾನ್ಯವಾಗಿ 1648ರಿಂದ, ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ನೆಲಸಿದಂದಿನಿಂದ, ಗಣಿಸುವುದು ವಾಡಿಕೆ. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಹಾಕಿಕೊಟ್ಟ ಮೇಲ್ಪಂಕ್ತಿಯನ್ನನುಸರಿಸಿ ಸಂನ್ಯಾಸಿಯ ವೇಷವನ್ನು ಧರಿಸಿ, ಕನ್ನಡವನ್ನು ಕಲಿತು, ಅದರಲ್ಲಿಯೇ ಬೋಧಿಸಿದ ಈ ಸಭೆಯ ಪಾದ್ರಿಗಳು ಭವ್ಯವಾದ ಕಟ್ಟಡಗಳನ್ನು ಬಿಟ್ಟುಹೋದವರಲ್ಲ. ಅವರು ಬಿಟ್ಟುಹೋದದ್ದು ಕನ್ನಡದಲ್ಲಿ ಜಪಿಸುವ ಒಕ್ಕಲಿನ ಮನೆತನಗಳನ್ನು. 1773ರಲ್ಲಿ ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದಾಗ ಹಳ್ಳಿಗಳ ಈ ಚಿಕ್ಕ ಸಮುದಾಯಗಳು ಹೆಚ್ಚುಕಡಿಮೆ ಅನಾಥವಾದವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಪ್ಯಾರಿಸಿನ ವಿದೇಶೀ ಮಿಷನರಿಗಳ ಸಂಘಕ್ಕೆ ಸೇರಿದ ಅಬೆ ದ್ಯುಬುವಾ ಮೈಸೂರಿಗೆ ಬಂದು, ಚದುರಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸುವ ಕೆಲಸವನ್ನು ಕೈಗೊಂಡು, 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದನು.

ಮರಿಯಾಪುರದ ಹುಟ್ಟು ದುಃಖದ ಕಥೆ. ಹಿರಿಯರ ಬಾಯಲ್ಲಿ ಧಾತು ಈಶ್ವರದ ಬರವೆಂದು ಉಳಿದಿರುವ 1876–78ರ ಕ್ಷಾಮವು ಮೈಸೂರು ಸಂಸ್ಥಾನದ ಪ್ರಜೆಗಳಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ನುಂಗಿತು. ತಾಯಿತಂದೆಗಳನ್ನು ಕಳೆದುಕೊಂಡ ಮಕ್ಕಳನ್ನು ಫ್ರೆಂಚ್ ಪಾದ್ರಿಗಳು ಒಂದುಗೂಡಿಸಿ ಸಾಕಿದರು. ಬೆಳೆದ ಮಕ್ಕಳಿಗೆ ಅನ್ನದ ದಾರಿಯೇನೆಂಬ ಪ್ರಶ್ನೆಗೆ ಉತ್ತರವಾಗಿ ಜಮೀನುಗಳನ್ನು ಕೊಂಡು ಒಕ್ಕಲಿನ ಊರುಗಳನ್ನು ಹೂಡಲಾಯಿತು: ನೆಲಮಂಗಲ ತಾಲ್ಲೂಕಿನಲ್ಲಿ ಶಿಲುವೆಪುರ, ಅಂದಿನ ಕಾನಕಾನಹಳ್ಳಿ ತಾಲ್ಲೂಕಿನಲ್ಲಿ ಮರಿಯಾಪುರ. ಇಂಥ ಊರಿನಲ್ಲಿ ದೇವಾಲಯವೆಂಬುದು ಗೋಪುರ ಗಂಟೆಗಳಿಗೆ ಮುಗಿಯುವ ಕಟ್ಟಡವಲ್ಲ. ಉಳುವ ಹೊಲವೂ ಅದರ ಅಂಗವೇ ಎಂದು ತಿಳಿಯುವುದು ನ್ಯಾಯ. ಹಳೆಯ ಮೈಸೂರಿನ ಹಳ್ಳಿಗಾಡಿನ ಕಥೋಲಿಕ ಗುಡಿಗಳು ಮಣ್ಣುಗೋಡೆ, ಹುಲ್ಲುಮಾಡುಗಳಿಂದ ಕ್ರಮೇಣ ಗಾರೆ, ಹೆಂಚುಗಳಿಗೆ ಏರಿದವು. 1865ರಲ್ಲಿ ಮಂಗಳೂರು ಹೆಂಚಿನ ತಯಾರಿಕೆಯನ್ನು ಆರಂಭಿಸಿದವರು ಪ್ರೊಟೆಸ್ಟೆಂಟರಾದ ಬಾಸೆಲ್ ಮಿಷನ್ನಿನವರು ಎಂಬುದನ್ನು ನೆನೆದರೆ ನಗೆ ಬಾರದಿರದು.

ಹಾರೋಬೆಲೆಯ ವಿಶೇಷವಾದರೋ ಗೋಡೆಗಳ ಒಳಗಿಲ್ಲ. ಕಥೋಲಿಕರೇ ಬಹುಸಂಖ್ಯಾತರಾಗಿರುವ ಈ ಊರಿನ ಮಗ್ಗುಲಿಗಿರುವ ಬೆಟ್ಟವನ್ನು ಜನ ಕಪಾಲಬೆಟ್ಟವೆಂದು ಕರೆಯುತ್ತಾರೆ. ಕ್ರಿಸ್ತನನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂಬ ಹೆಸರಿಗೆ ಕಪಾಲಸ್ಥಳವೆಂದೇ ಅರ್ಥವಾದುದರಿಂದ, ಪ್ಯಾಲೆಸ್ತೀನದ ಗುಡ್ಡವೊಂದು ಕನ್ನಡದ ಹೆಸರು ತಳೆದು ಅರ್ಕಾವತಿಯ ದಡದ ಸೀಮೆಗೆ ಬಂದು ನಿಂತಂತಾಯಿತು. ತಪಸ್ಸುಕಾಲದ ಕೊನೆಗೆ, ಶುಭಶುಕ್ರವಾರದಂದು, ಭಕ್ತರು ಶಿಲುಬೆಯ ಹಾದಿಯನ್ನು ಅನುಸರಿಸಿ ಈ ಬೆಟ್ಟವನ್ನು ಏರುತ್ತಾರೆ. ಕ್ರಿಸ್ತನ ಯಾತನೆಯ ಕಥೆಯನ್ನು ಊರವರೇ ‘ಮಹಿಮೆ’ಯೆಂಬ ನಾಟಕವಾಗಿ ಆಡುವ ಪದ್ಧತಿಯು ನೂರು ವರ್ಷಗಳಿಗೂ ಮಿಕ್ಕಿ ನಡೆದುಬಂದಿದೆ. ಬಯಲಾಟವನ್ನು ಬಲ್ಲ ಜನರಿಗೆ ಇದು ಹೊರಗಿನಿಂದ ಬಂದ ಕಲೆಯಾಗಿ ತೋರಿರಲಾರದು. ದೇವರ ಕಥೆಯನ್ನು ರಂಗಕ್ಕೆ ತರುವುದು ಈ ನೆಲಕ್ಕೆ ಮೊದಲೇ ಗೊತ್ತಿತ್ತು.

ಆಡಳಿತದ ಮಾತನ್ನು ಚುಟುಕಾಗಿ ಹೇಳಬಹುದು. 1886ರಲ್ಲಿ ಮೈಸೂರು ಧರ್ಮಕ್ಷೇತ್ರವು ಸ್ಥಾಪಿತವಾಯಿತು. 1940ರಲ್ಲಿ ಅದರಿಂದ ಬೆಂಗಳೂರು ಬೇರ್ಪಟ್ಟು, 1953ರಲ್ಲಿ ಮಹಾಧರ್ಮಕ್ಷೇತ್ರವಾಯಿತು. ಹಾರೋಬೆಲೆಯು ಈ ಮಹಾಧರ್ಮಕ್ಷೇತ್ರದ ಆಡಳಿತಕ್ಕೆ ಒಳಪಟ್ಟಿದೆ.

2019ರ ಡಿಸೆಂಬರಿನಲ್ಲಿ ಕಪಾಲಬೆಟ್ಟದ ಮೇಲೆ 114 ಅಡಿ ಎತ್ತರದ ಕ್ರಿಸ್ತನ ಪ್ರತಿಮೆಯನ್ನು ನಿಲ್ಲಿಸುವ ಯೋಜನೆಯು ಪ್ರಕಟವಾದಾಗ, ಅದುವರೆಗೆ ಸುತ್ತಣ ಊರುಗಳವರಿಗಷ್ಟೇ ಪರಿಚಿತವಾಗಿದ್ದ ಹೆಸರು ನಾಡಿನ ಪತ್ರಿಕೆಗಳನ್ನೆಲ್ಲ ತುಂಬಿತು; ಮರುತಿಂಗಳು ಕನಕಪುರದಲ್ಲಿ ಅದನ್ನು ವಿರೋಧಿಸಿ ಮೆರವಣಿಗೆ ನಡೆಯಿತು.