ಪ್ರಶ್ನಾರ್ಥಕ ಚಿಹ್ನೆಯಾದ ‘ಕ’

ಒಕ್ಕಣೆ ಒಂದೇ, ಹೆಸರು-ವಿಳಾಸ ಬೇರೆ ಬೇರೆ. ಇಂಥ ಸಾವಿರ ಪತ್ರಗಳನ್ನು ‘ವರ್ಡ್’ ತೆರೆಯದೆ ಪ್ರೋಗ್ರಾಮೊಂದರಿಂದಲೇ ಬರೆಸುವುದು ಹೇಗೆ? ವರ್ಡ್‌ನ ಹಳೆಯ ಕಡತವೋ ಹೊರಗಿನವರಿಗೆ ಬಿಡಿಸಲಾಗದ ಗಂಟು. ಅದರ ವಿವರವನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ಮುಕ್ತವಾಗಿ ಪ್ರಕಟಿಸಿದ್ದು 2008ರಲ್ಲಿ. ಅಲ್ಲಿಯವರೆಗೆ ಅನೇಕರ ಕೈಹಿಡಿದದ್ದು 1987ರಲ್ಲಿ ಅದೇ ಕಂಪನಿ ಹೊರತಂದ ಆರ್‌ಟಿಎಫ್. ಅದು ಬರಿಯ ಪಠ್ಯ. ದಪ್ಪಕ್ಷರಕ್ಕೆ ಒಂದು ಓರೆಗೆರೆ ಮತ್ತು ‘ಬಿ’; ಪ್ಯಾರಾ ಮುಗಿದರೆ ಓರೆಗೆರೆ ಮತ್ತು ‘ಪಾರ್’. ಅಷ್ಟೇ ವಿದ್ಯೆ.

ಆದರೆ ಆರಂಭದ ಆರ್‌ಟಿಎಫ್‌ನ ಅಕ್ಷರ ಕೋಷ್ಟಕಗಳಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೇ ಕನ್ನಡ ಫಾಂಟಿನ ವೇಷ ತೊಡಿಸಬೇಕಿತ್ತು. ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ವೇಷ ಕಳಚುತ್ತಿತ್ತು. ವರ್ಡ್ 97ರ ಹೊತ್ತಿಗೆ ಯೂನಿಕೋಡ್ ಸಂಖ್ಯೆ ಬರೆಯುವ ದಾರಿ ಸೇರಿತು. ‘ಕ’ ಬೇಕಾದರೆ ಓರೆಗೆರೆ, ‘ಯು’, 3221. ಬೆನ್ನಿಗೆ, ವಾಡಿಕೆಯಂತೆ, ಒಂದು ಪ್ರಶ್ನಾರ್ಥಕ ಚಿಹ್ನೆ. ಸಂಖ್ಯೆ ಬಲ್ಲ ತಂತ್ರಾಂಶ ‘ಕ’ವನ್ನು ತೋರಿಸಿ ಚಿಹ್ನೆಯನ್ನು ನುಂಗುತ್ತದೆ. ಅರಿಯದ ಹಳೆಯದು ಸಂಖ್ಯೆಯನ್ನು ಬಿಟ್ಟು ಚಿಹ್ನೆಯನ್ನೇ ಮುದ್ರಿಸುತ್ತದೆ. ಪತ್ರ ಪಡೆದವರ ಹೆಸರೇ ಪ್ರಶ್ನೆಗಳ ಸಾಲು! ಸ್ವರಚಿಹ್ನೆಗೂ ಪ್ರತ್ಯೇಕ ಸಂಖ್ಯೆಯಿರುವುದರಿಂದ ‘ಕಮಲ’ ಮೂರು ಪ್ರಶ್ನೆಗಳಾದರೆ ‘ಕಮಲಾ’ ನಾಲ್ಕು.