ಸ್ಪ್ರಿಂಗ್ ಯಾರ ತೂಕಕ್ಕೆ?

ಚೆನ್ನೈನ ಕೀಲ್ಪಾಕ್ ಮಗ್ಗುಲಲ್ಲಿ ಹಾದುಹೋಗುವ ಪೂನಮಲ್ಲಿ ಹೈರೋಡ್ ಹಿಡಿದು ಪಶ್ಚಿಮಕ್ಕೆ ಹೊರಟರೆ ಶ್ರೀಪೆರಂಬದೂರು, ವೆಲ್ಲೂರು, ಕೃಷ್ಣಗಿರಿ, ಹೊಸೂರು ದಾಟಿ ಬೆಂಗಳೂರು ಸೇರಬಹುದು. ಈ ದಾರಿಯ ಆಚೀಚೆ ಭಾರತದ ಮೋಟಾರ್ ಸೈಕಲ್ ಚರಿತ್ರೆಯ ದೊಡ್ಡ ಭಾಗವೇ ಹರಡಿಕೊಂಡಿದೆ. ಶ್ರೀಪೆರಂಬದೂರಿನ ದಕ್ಷಿಣಕ್ಕೆ ಒರಗಡಂನಲ್ಲಿ ರಾಯಲ್ ಎನ್‌ಫೀಲ್ಡ್ ಕಾರ್ಖಾನೆ ಇದೆ. ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುವ ಹೊಸೂರಿನಲ್ಲಿ ಟಿವಿಎಸ್ ಕಾರ್ಖಾನೆಯೂ ಶಾಕ್ ಅಬ್ಸಾರ್ಬರ್ ತಯಾರಿಸುವ ಗೇಬ್ರಿಯಲ್ ಘಟಕವೂ ಇವೆ. ಇನ್ನು ಕೋಲಾರದ ಕಡೆಗೆ ತಿರುಗಿದರೆ, ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ ಬಿಗ್‌ರಾಕ್ ಡರ್ಟ್ ಪಾರ್ಕ್ ಸಿಗುತ್ತದೆ.

ಡಾಂಬರಿಗೂ ಮಣ್ಣಿಗೂ ಒಗ್ಗುವ ಡ್ಯುಯಲ್ ಸ್ಪೋರ್ಟ್ ಬೈಕನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಸಸ್ಪೆನ್ಷನ್ನಿನದೇ ಆಗಿರುತ್ತದೆ. ಬ್ರೇಕ್ ಹಿಡಿದರೆ ಮುಂಭಾಗ ಮುಗ್ಗರಿಸುತ್ತದೆ, ಹಂಪ್ ಹಾರಿದರೆ ಹಿಂಭಾಗ ಎರಡು ಸಲ ಕುಣಿಯುತ್ತದೆ. ಏನು ಬದಲಿಸಬೇಕು, ಎಷ್ಟು ಖರ್ಚು ಮಾಡಬೇಕು? ಈ ಪ್ರಶ್ನೆಗೆ ಇಂದು ಸಿಗುವ ಉತ್ತರ ಎಪ್ಪತ್ತು ವರ್ಷಗಳಲ್ಲಿ ಮೆಲ್ಲಮೆಲ್ಲಗೆ ರೂಪುಗೊಂಡದ್ದು. ಎಲ್ಲರಿಗೂ ಒಂದೇ ಸ್ಪ್ರಿಂಗ್ ಎಂಬ ಕಾಲದಿಂದ ಸವಾರನ ತೂಕಕ್ಕೆ ತಕ್ಕ ಸ್ಪ್ರಿಂಗ್ ಎಂಬ ಕಾಲಕ್ಕೆ ಬಂದು ಮುಟ್ಟಿದ ಕಥೆ ಅದು.

ಬುಲೆಟ್ ತಂದ ಸ್ವಿಂಗ್ ಆರ್ಮ್

ಎಣ್ಣೆಯ ತಡೆ ಇರುವ ಟೆಲಿಸ್ಕೋಪಿಕ್ ಫೋರ್ಕ್ ಮಾರಾಟದ ಬೈಕಿಗೆ ಮೊದಲು ಬಂದದ್ದು 1935ರಲ್ಲಿ, ಬಿಎಂಡಬ್ಲ್ಯು ಆರ್12 ಮತ್ತು ಆರ್17 ಮಾದರಿಗಳಲ್ಲಿ. ಮುಂದಿನ ಚಕ್ರಕ್ಕೆ ಹೀಗೆ ದಾರಿ ಸಿಕ್ಕರೂ ಹಿಂದಿನ ಚಕ್ರ ಬಹುಕಾಲ ಫ್ರೇಮಿಗೇ ಬಿಗಿದುಕೊಂಡಿತ್ತು. ಕಲ್ಲು ಕೆಸರಿನ ಟ್ರಯಲ್ಸ್ ಸ್ಪರ್ಧೆಗಳಲ್ಲಂತೂ ಹಿಂಬದಿ ಅಲುಗದಿದ್ದರೇ ಹಿಡಿತ ಹೆಚ್ಚು ಎಂದು ಸವಾರರು ಗಟ್ಟಿಯಾಗಿ ನಂಬಿದ್ದರು.

1948ರಲ್ಲಿ ರಾಯಲ್ ಎನ್‌ಫೀಲ್ಡ್ ಇಂಗ್ಲೆಂಡಿನ ಕೋಲ್ಮೋರ್ ಕಪ್ ಟ್ರಯಲ್‌ಗೆ, ಹಿಂದಿನ ಚಕ್ರವನ್ನು ಮೇಲೆ ಕೆಳಗೆ ಆಡಗೊಡುವ ತೋಳು, ಅಂದರೆ ಸ್ವಿಂಗ್ ಆರ್ಮ್, ಇದ್ದ ಬುಲೆಟ್ ಮಾದರಿಗಳನ್ನು ಇಳಿಸಿತು. ಅದೇ ವರ್ಷ ಇಟಲಿಯಲ್ಲಿ ನಡೆದ ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಟ್ರಯಲ್‌ನಲ್ಲಿ ಗೆದ್ದ ಬ್ರಿಟಿಷ್ ತಂಡದಲ್ಲೂ ಬುಲೆಟ್‌ಗಳಿದ್ದವು. ಅಲುಗುವ ಚಕ್ರವೇ ನೆಲ ಬಿಡದೆ ಹಿಡಿದುಕೊಳ್ಳುತ್ತದೆ ಎಂಬುದು ಕಲ್ಲುಹಾದಿಯ ಮೇಲೆಯೇ ರುಜುವಾತಾಯಿತು.

ಮದ್ರಾಸಿಗೆ ಬಂದದ್ದು ಈ ಬುಲೆಟ್ಟೇ. 1952ರಲ್ಲಿ ಮದ್ರಾಸ್ ಮೋಟಾರ್ಸ್‌ಗೆ ಸೇನೆಯಿಂದ 350 ಸಿಸಿ ಬುಲೆಟ್‌ಗಳಿಗೆ ಆದೇಶ ಬಂತು. 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ಮರುವರ್ಷ ತಿರುವೊಟ್ಟಿಯೂರಿನ ಕಾರ್ಖಾನೆ ತೆರೆದು, ವರ್ಷ ಮುಗಿಯುವುದರೊಳಗೆ 163 ಬುಲೆಟ್‌ಗಳು ಜೋಡಣೆಯಾದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜಾವಾ, ಬಳಿಕ ಯೆಜ್ಡಿ ಬೈಕುಗಳು ಹೊರಬಂದವು. ಮಲೆನಾಡಿನ ತೋಟದ ದಾರಿಗಳಲ್ಲಿ ಓಡಿದ ಆ ಬೈಕುಗಳಿಗೂ ಮುಂದೆ ಟೆಲಿಸ್ಕೋಪಿಕ್ ಫೋರ್ಕ್, ಹಿಂದೆ ಜೋಡಿ ಶಾಕ್ ಅಬ್ಸಾರ್ಬರ್. ಡ್ಯುಯಲ್ ಸ್ಪೋರ್ಟ್ ಎಂಬ ಹೆಸರು ಇಲ್ಲಿ ಕೇಳಿಬರುವ ಮೊದಲೇ ಆ ಕೆಲಸ ನಡೆದಿತ್ತು.

ಹೊರಗೆ ಜಿಗಿತ, ಒಳಗೆ ಕಾಯುವಿಕೆ

1970ರ ದಶಕದಲ್ಲಿ ಮೋಟೋಕ್ರಾಸ್ ಜಗತ್ತು ಒಮ್ಮೆಲೇ ಬದಲಾಯಿತು. ಬೆಲ್ಜಿಯಂನ ಎಂಜಿನಿಯರ್ ಲೂಸಿಯನ್ ಟಿಲ್ಕೆನ್ಸ್ ರೂಪಿಸಿದ ಒಂಟಿ ಶಾಕ್, ಅಂದರೆ ಮೊನೊಶಾಕ್, ವಿನ್ಯಾಸವನ್ನು ಯಮಹಾ ಕೈಗೆತ್ತಿಕೊಂಡಿತು. ಅದನ್ನು ಅಳವಡಿಸಿದ ಬೈಕಿನಲ್ಲಿ ಸ್ವೀಡನ್ನಿನ ಹಾಕನ್ ಆಂಡರ್ಸನ್ 1973ರ 250 ಸಿಸಿ ವಿಶ್ವ ಚಾಂಪಿಯನ್ ಆದರು. ಚಕ್ರ ಮೇಲೆ ಕೆಳಗೆ ಚಲಿಸುವ ದೂರ, ಅಂದರೆ ಟ್ರಾವೆಲ್, ನೋಡನೋಡುತ್ತಲೇ ಹೆಚ್ಚಿತು. 1976ರಲ್ಲಿ ಸ್ವೀಡನ್ನಿನಲ್ಲಿ ಓಲಿನ್ಸ್, 1977ರಲ್ಲಿ ನೆದರ್ಲೆಂಡ್ಸಿನಲ್ಲಿ ವೈಟ್ ಪವರ್ ಕಂಪನಿಗಳು ಶುರುವಾದವು. ಈ ಎರಡನೆಯದನ್ನೇ ಇಂದಿನ ಕೆಟಿಎಂ ಸವಾರರು ಡಬ್ಲ್ಯುಪಿ ಎನ್ನುತ್ತಾರೆ. ಮೆದುವಾಗಿ ಶುರುವಾಗಿ ಕುಸಿದಷ್ಟೂ ಗಡುಸಾಗುವ ಲಿಂಕೇಜ್ 1980ರ ಹೊತ್ತಿಗೆ ಜಪಾನಿ ಬೈಕುಗಳಿಗೆ ಬಂತು.

ಭಾರತದ ಮಟ್ಟಿಗೆ ಇವೆಲ್ಲ ದೂರದ ಸುದ್ದಿಯಾಗಿಯೇ ಉಳಿದವು. ಮೊನೊಶಾಕ್ ಇಲ್ಲಿನ ಸಾಮಾನ್ಯ ಕೊಳ್ಳುಗರಿಗೆ ಪರಿಚಿತವಾದದ್ದು 2004ರ ಹೋಂಡಾ ಯೂನಿಕಾರ್ನ್‌ನಿಂದ. ಅಲ್ಲಿಯವರೆಗೆ ಗ್ಯಾರೇಜುಗಳೇ ಪ್ರಯೋಗಶಾಲೆಗಳು. ಫೋರ್ಕ್ ಮೆದುವಾಯಿತೆಂದರೆ ಸ್ಪ್ರಿಂಗ್ ಮೇಲೆ ಪಿವಿಸಿ ಪೈಪಿನ ತುಂಡು ಇಡುವುದು, ದಪ್ಪ ಆಯಿಲ್ ಹಾಕುವುದು, ಸ್ಪ್ರಿಂಗಿನ ಒಂದೆರಡು ಸುರುಳಿ ಕತ್ತರಿಸಿ ಗಡುಸು ಮಾಡುವುದು ರೂಢಿಯಲ್ಲಿತ್ತು. ಸುರುಳಿ ಕಡಿಮೆಯಾದರೆ ಸ್ಪ್ರಿಂಗ್ ಗಡುಸಾಗುತ್ತದೆ ಎಂಬುದು ಶುದ್ಧ ಎಂಜಿನಿಯರಿಂಗ್. ಪುಸ್ತಕ ತೆರೆಯದ ಮೇಸ್ತ್ರಿಗಳಿಗೂ ಅದು ಕೈಯ ಅನುಭವದಿಂದ ಗೊತ್ತಿತ್ತು.

2011ರಲ್ಲಿ ಹೀರೋ ಇಂಪಲ್ಸ್ ಬಂತು. 149 ಸಿಸಿ ಎಂಜಿನ್, ಉದ್ದನೆಯ ಫೋರ್ಕ್, ಎತ್ತರದ ಸೀಟು. ಅದು ಮಾರುಕಟ್ಟೆಯಲ್ಲಿ ಬೇರೂರಲಿಲ್ಲ. ಆದರೆ ಕಾಡುಹಾದಿ, ಹೊಳೆ, ಜಲ್ಲಿಯ ರುಚಿ ಹತ್ತಿಸಿಕೊಂಡ ಸವಾರರ ಒಂದು ಪೀಳಿಗೆ ಅದರಿಂದ ತಯಾರಾಯಿತು. 2015ರಲ್ಲಿ ಸಂತೋಷ್ ಡಕಾರ್ ಮುಗಿಸಿ 36ನೇ ಸ್ಥಾನ ಪಡೆದಾಗ ಆ ಪೀಳಿಗೆಗೆ ತನ್ನ ಊರಿನದೇ ಒಂದು ಮಾದರಿ ಸಿಕ್ಕಿತು.

ಹಿಮಾಲಯನ್, ಎಕ್ಸ್‌ಪಲ್ಸ್ ಬಂದ ಮೇಲೆ

2016ರಲ್ಲಿ ಚೆನ್ನೈನ ಕಂಪನಿಯೇ ಹೊಸ ದಾರಿ ತೆರೆಯಿತು. 411 ಸಿಸಿಯ ಹಿಮಾಲಯನ್‌ಗೆ 41 ಮಿ.ಮೀ. ಫೋರ್ಕ್, ಮುಂದೆ 200 ಮಿ.ಮೀ., ಹಿಂದೆ 180 ಮಿ.ಮೀ. ಟ್ರಾವೆಲ್. ಹಿಂಬದಿಗೆ ಲಿಂಕೇಜ್ ಸಹಿತ ಮೊನೊಶಾಕ್ ಕೊಟ್ಟದ್ದು ರಾಯಲ್ ಎನ್‌ಫೀಲ್ಡ್‌ಗೆ ಅದೇ ಮೊದಲು. ಹೊಸೂರಿನ ಟಿವಿಎಸ್ ಕಾರ್ಖಾನೆಯಲ್ಲಿ ತಯಾರಾದ ಬಿಎಂಡಬ್ಲ್ಯು ಜಿ 310 ಜಿಎಸ್ 2018ರಲ್ಲಿ ಇಲ್ಲಿನ ಮಾರುಕಟ್ಟೆಗೆ ಇಳಿಯಿತು. 2019ರ ಹೀರೋ ಎಕ್ಸ್‌ಪಲ್ಸ್ 200 ಬೆಲೆಯ ಗೋಡೆಯನ್ನೇ ಕೆಡವಿತು: ಮುಂದೆ 190, ಹಿಂದೆ 170 ಮಿ.ಮೀ. 2020ರಲ್ಲಿ ಕೆಟಿಎಂ 390 ಅಡ್ವೆಂಚರ್ 43 ಮಿ.ಮೀ.ನ ತಲೆಕೆಳಗಾದ ಡಬ್ಲ್ಯುಪಿ ಫೋರ್ಕ್ ತೊಟ್ಟು ಬಂತು.

ಇವುಗಳಲ್ಲಿ ಹೆಚ್ಚಿನವಕ್ಕೆ ಒಂದು ಕೊರತೆ ಸಮಾನ. ಹಿಂದಿನ ಸ್ಪ್ರಿಂಗಿನ ಪ್ರೀಲೋಡ್, ಅಂದರೆ ಅದಕ್ಕೆ ಮೊದಲೇ ಕೊಡುವ ಬಿಗಿ, ಬಿಟ್ಟರೆ ಸವಾರ ತಿರುಗಿಸಬಹುದಾದ ಸ್ಕ್ರೂ ಬಹುಪಾಲು ಇರಲಿಲ್ಲ. 55 ಕಿಲೋ ತೂಗುವವರಿಗೂ, 95 ಕಿಲೋ ತೂಗಿ ಎರಡು ಪೆಟ್ಟಿಗೆ ಕಟ್ಟಿಕೊಂಡು ಲಡಾಖ್‌ಗೆ ಹೊರಡುವವರಿಗೂ ಅದೇ ಸ್ಪ್ರಿಂಗ್, ಅದೇ ಆಯಿಲ್.

ಈ ಅಂತರವನ್ನು ತುಂಬಲು ಕಂಪನಿಗಳೂ ಹೊರಟವು. ಹೀರೋ 2020ರಲ್ಲಿ ಎಕ್ಸ್‌ಪಲ್ಸ್‌ಗೆ ರ‍್ಯಾಲಿ ಕಿಟ್ ತಂದಿತು: ಮುಂದೆ 250, ಹಿಂದೆ 220 ಮಿ.ಮೀ. ಟ್ರಾವೆಲ್, ಸವಾರನೇ ಹೊಂದಿಸಿಕೊಳ್ಳಬಹುದಾದ ಫೋರ್ಕ್ ಮತ್ತು ಶಾಕ್. 2022ರಲ್ಲಿ ಅದೇ ಸಾಮಗ್ರಿ ರ‍್ಯಾಲಿ ಎಡಿಷನ್ ಹೆಸರಿನಲ್ಲಿ ಕಾರ್ಖಾನೆಯಿಂದಲೇ ಜೋಡಿಸಿಕೊಂಡು ಬಂತು. ಸೀಟಿನ ಎತ್ತರ 885 ಮಿ.ಮೀ.ಗೆ ಏರಿದ್ದರಿಂದ ಎಲ್ಲರ ಕಾಲಿಗೂ ಅದು ಎಟುಕುವಂತಿರಲಿಲ್ಲ. 2023ರಲ್ಲಿ ಕೆಟಿಎಂ 390 ಅಡ್ವೆಂಚರ್‌ಗೂ ಹೊಂದಿಸಬಹುದಾದ ಸಸ್ಪೆನ್ಷನ್ ಬಂತು. ಅದೇ ವರ್ಷದ ನವೆಂಬರಿನಲ್ಲಿ ಹೊಸ ಹಿಮಾಲಯನ್ 450 ಎರಡೂ ಕಡೆ 200 ಮಿ.ಮೀ.ನ ಶೋವಾ ಸಸ್ಪೆನ್ಷನ್ ಹೊತ್ತು ಇಳಿಯಿತು.

ಹೊಸದು ಬಂದಂತೆಲ್ಲ ಹಳೆಯವು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಸುಧಾರಣೆಯ ನಿಜವಾದ ಕೆಲಸ ನಡೆಯುತ್ತಿರುವುದು ಅಲ್ಲಿಯೇ.

ಮೊದಲು ರಿಪೇರಿ, ಆಮೇಲೆ ಸುಧಾರಣೆ

ಚೆನ್ನೈನಲ್ಲಿ ಹಳೆಯ ಬೈಕು ಕೊಳ್ಳುವವರು ಎರಡು ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು: ಸಮುದ್ರದ ಉಪ್ಪುಗಾಳಿ ಮತ್ತು ನೆರೆ. 2015ರ ಮತ್ತು 2023ರ ಡಿಸೆಂಬರಿನಲ್ಲಿ ನಗರದ ಎಷ್ಟೋ ಬೀದಿಗಳು ಮುಳುಗಿದ್ದವು. ನೀರಿನಲ್ಲಿ ನಿಂತ ಬೈಕಿನ ಲಿಂಕೇಜ್ ಬೇರಿಂಗುಗಳಲ್ಲಿ ಗ್ರೀಸ್ ಹೋಗಿ ತುಕ್ಕು ಕೂತಿರುತ್ತದೆ. ಮೇಲಿಂದ ಏನೂ ಕಾಣುವುದಿಲ್ಲ. ಶಾಕ್ ಕೆಟ್ಟಿದೆ ಎಂದು ದುಬಾರಿ ಶಾಕ್ ತಂದು ಹಾಕಿದ ಮೇಲೂ ಬೈಕು ಅಷ್ಟೇ ಒರಟಾಗಿರುತ್ತದೆ. ಬಿಗಿದುಕೊಂಡ ಬೇರಿಂಗೇ ಚಕ್ರವನ್ನು ತಡೆಯುತ್ತಿರುತ್ತದೆ.

ಫೋರ್ಕನ್ನು ಪರೀಕ್ಷಿಸಲು ಉಗುರು ಸಾಕು. ರಬ್ಬರ್ ಧೂಳುಮುಚ್ಚಳದ ಮೇಲಿನ ಹೊಳೆಯುವ ಕ್ರೋಮ್ ಕೊಳವೆಯನ್ನು ಬಟ್ಟೆಯಿಂದ ಒರೆಸಿ, ಹೆಬ್ಬೆರಳಿನ ಉಗುರನ್ನು ಮೇಲಿಂದ ಕೆಳಗೆ ಮೆಲ್ಲಗೆ ಎಳೆಯಬೇಕು. ಎಲ್ಲಾದರೂ ಉಗುರು ತಡೆದರೆ ಅಲ್ಲಿ ಉಪ್ಪು ತಿಂದ ಗುಳಿ ಇದೆ ಎಂದರ್ಥ. ಫೋರ್ಕ್ ಕುಸಿದು ಏಳುವಾಗಲೆಲ್ಲ ಆ ಗುಳಿ ಆಯಿಲ್ ಸೀಲನ್ನು ಕೊಯ್ಯುತ್ತದೆ. ಸೀಲು ಬದಲಿಸಿದರೂ ಬೇಗನೆ ಮತ್ತೆ ಎಣ್ಣೆ ಜಿನುಗುತ್ತದೆ, ಕೊನೆಗೆ ಬ್ರೇಕ್ ಪ್ಯಾಡಿಗೂ ಹತ್ತುತ್ತದೆ.

ಕೀಲ್ಪಾಕ್‌ನಿಂದ ಕೆಲವೇ ಕಿಲೋಮೀಟರ್ ದೂರದ ಪುದುಪೇಟೆ ಹಳೆಯ ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಜಾಗ. ಫೋರ್ಕ್ ಕೊಳವೆಯನ್ನು ಅಲ್ಲಿ ಕೊಳ್ಳಬಹುದು, ಆದರೆ ಸಮತಟ್ಟಾದ ಗಾಜಿನ ಮೇಲೆ ಉರುಳಿಸಿ ನೆಟ್ಟಗಿದೆಯೇ ಎಂದು ನೋಡಿಯೇ ದುಡ್ಡು ಕೊಡಬೇಕು. ಹಳೆಯ ಗ್ಯಾಸ್ ಶಾಕ್ ಮಾತ್ರ ಹಾಗಲ್ಲ. ಒಳಗಿನ ನೈಟ್ರೋಜನ್ ಇಳಿದುಹೋಗಿದ್ದರೆ ಹೊರಗಿನಿಂದ ತಿಳಿಯುವುದಿಲ್ಲ. ಒತ್ತಡ ಇಲ್ಲದಾಗ ಆಯಿಲ್ ನೊರೆಯಾಗಿ, ಹತ್ತು ನಿಮಿಷದ ಜಲ್ಲಿ ದಾರಿಗೇ ಶಾಕ್ ಸತ್ವ ಕಳೆದುಕೊಳ್ಳುತ್ತದೆ.

ಅಳತೆಯ ಪಟ್ಟಿ ಹೇಳುವ ಮಾತು

ರಿಪೇರಿ ಮುಗಿದ ಮೇಲೆ ಅಳತೆ. ಸವಾರ ಕೂತಾಗ ಬೈಕು ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ಸ್ಯಾಗ್ ಎನ್ನುತ್ತಾರೆ. ಒಟ್ಟು ಟ್ರಾವೆಲ್‌ನ ಮೂರನೇ ಒಂದಂಶದ ಆಸುಪಾಸು ಇರಬೇಕೆಂಬುದು ಒಪ್ಪಿತ ನಿಯಮ. 200 ಮಿ.ಮೀ. ಫೋರ್ಕಿಗೆ ಅದು ಸುಮಾರು 60ರಿಂದ 65 ಮಿ.ಮೀ. ಕೂತೊಡನೆ 90 ಮಿ.ಮೀ. ಇಳಿದುಹೋದರೆ ಗುಂಡಿಗೆ ಉಳಿಯುವುದು 110 ಮಾತ್ರ.

ಇಲ್ಲಿ ಬಹಳ ಜನ ಪ್ರೀಲೋಡ್ ತಿರುಗಿಸಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಪ್ರೀಲೋಡ್ ಬೈಕನ್ನು ಮೇಲೆತ್ತುತ್ತದೆಯೇ ಹೊರತು ಸ್ಪ್ರಿಂಗನ್ನು ಗಡುಸು ಮಾಡುವುದಿಲ್ಲ. ಪತ್ತೆಹಚ್ಚುವ ಬಗೆ ಸರಳ. ಸವಾರ ಕೂತಾಗಿನ ಅಳತೆ ಸರಿಯಾಗುವವರೆಗೆ ಪ್ರೀಲೋಡ್ ಬಿಗಿದು, ಅವರನ್ನು ಇಳಿಸಿ ಮತ್ತೆ ಅಳೆಯಬೇಕು. ತನ್ನದೇ ಭಾರಕ್ಕೆ ಬೈಕು ಸ್ವಲ್ಪವೂ ಕುಗ್ಗದೆ ಸೆಟೆದು ನಿಂತರೆ ಸ್ಪ್ರಿಂಗ್ ಆ ಸವಾರನಿಗೆ ಮೆದು. ಅತಿಯಾಗಿ ಕುಗ್ಗಿದರೆ ಗಡುಸು.

ಸ್ಪ್ರಿಂಗಿನ ಗಡುಸುತನ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಸುರುಳಿಯ ಅಗಲ, ಸಂಖ್ಯೆ ಹಾಗೇ ಇದ್ದು ತಂತಿ 4 ಮಿ.ಮೀ.ನಿಂದ 4.2ಕ್ಕೆ ಹೋದರೆ ಸ್ಪ್ರಿಂಗ್ ಶೇಕಡಾ 21ಕ್ಕೂ ಹೆಚ್ಚು ಗಡುಸು. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ ಬೈಕಿನ ನಡತೆಯನ್ನೇ ಬದಲಿಸುವುದು ಹೀಗೆ. ಆದ್ದರಿಂದಲೇ ಅನುಭವಿ ಟ್ಯೂನರ್‌ಗಳು ಮೊದಲ ಖರ್ಚನ್ನು ಸ್ಪ್ರಿಂಗಿಗೆ ಮೀಸಲಿಡಲು ಹೇಳುತ್ತಾರೆ.

ಎರಡನೆಯ ಖರ್ಚು ಎಣ್ಣೆಯ ದಾರಿಗೆ. 411 ಹಿಮಾಲಯನ್, ಮೊದಲ ಎಕ್ಸ್‌ಪಲ್ಸ್‌ಗಳದು ಡ್ಯಾಂಪರ್ ರಾಡ್ ಫೋರ್ಕ್. ಕೊಳವೆಯೊಂದರ ಸ್ಥಿರ ತೂತುಗಳ ಮೂಲಕ ಎಣ್ಣೆ ನುಗ್ಗಬೇಕು. ಕುಸಿತದ ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಹಿಡಿದಾಗ ಮುಂಭಾಗ ಮುಗ್ಗರಿಸುವುದೂ, ಚೂಪು ಕಲ್ಲಿಗೆ ಬಡಿದಾಗ ಅದೇ ಫೋರ್ಕ್ ಮುಂಗೈಗೆ ಏಟು ಕೊಡುವುದೂ ಈ ಒಂದೇ ಕಾರಣಕ್ಕೆ. ದಪ್ಪ ಆಯಿಲ್ ಮೊದಲನೆಯದನ್ನು ತಗ್ಗಿಸಿ ಎರಡನೆಯದನ್ನು ಹೆಚ್ಚಿಸುತ್ತದೆ. ಚೆನ್ನೈನ ಸೆಕೆಗೆ ಸರಿಹೋದದ್ದು ಲಡಾಖಿನ ಚಳಿಯಲ್ಲಿ ಇನ್ನೂ ಮಂದವಾಗುತ್ತದೆ. ಅಮೆರಿಕದ ರೇಸ್ ಟೆಕ್ ಜನಪ್ರಿಯಗೊಳಿಸಿದ ಎಮ್ಯುಲೇಟರ್ ಎಂಬ ಸಣ್ಣ ಕವಾಟ ಈ ಇಕ್ಕಟ್ಟನ್ನು ಬಿಡಿಸಿತು. ರಾಡಿನ ತೂತುಗಳನ್ನು ದೊಡ್ಡದು ಮಾಡಿ, ತಲೆಯ ಮೇಲೆ ಈ ಕವಾಟ ಕೂರಿಸಿದರೆ, ನಿಧಾನದ ಕುಸಿತಕ್ಕೆ ತಡೆ ಒಡ್ಡಿ, ದೊಡ್ಡ ಏಟಿಗೆ ಬಾಯ್ದೆರೆದು ಎಣ್ಣೆಗೆ ದಾರಿ ಬಿಡುತ್ತದೆ. ಶಿಮ್ ಎಂಬ ತೆಳು ಬಿಲ್ಲೆಗಳಿಂದ ಎಣ್ಣೆಯನ್ನು ತಡೆಯುವ ಪೂರ್ಣ ಕಾರ್ಟ್ರಿಜ್ ಇನ್ನೂ ನಿಖರ, ಇನ್ನೂ ದುಬಾರಿ.

ಹಿಂಬದಿಗೆ ಹೆಚ್ಚಾಗಿ ಶಾಕನ್ನೇ ಬದಲಿಸದೆ ಬೇರೆ ಉಪಾಯವಿಲ್ಲ. ಅನೇಕ ಮೂಲ ಶಾಕ್‌ಗಳು ಬಿಚ್ಚಿ ಕಟ್ಟಲು ಮಾಡಿದವಲ್ಲ. ಕುಸಿದದ್ದು ಮರಳಿ ಏಳುವ ವೇಗವನ್ನು, ಅಂದರೆ ರೀಬೌಂಡನ್ನು, ಹೊಂದಿಸಬಹುದಾದ, ಸವಾರನ ತೂಕ ಹೇಳಿ ತರಿಸಬಹುದಾದ ಶಾಕ್‌ಗಳು ಈಗ ಭಾರತದಲ್ಲೂ ಸಿಗುತ್ತವೆ. ಎತ್ತರ ಬದಲಿಸುವ ಕಿಟ್‌ಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಿತಿ ಹಾಕಿದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ.

2025ರ ಎಕ್ಸ್‌ಪಲ್ಸ್ 210 ಮುಂದೆ 210, ಹಿಂದೆ 205 ಮಿ.ಮೀ. ಟ್ರಾವೆಲ್‌ನೊಡನೆ ಬಂದಿದೆ. ಹಳೆಯ 200ಗಳು ಇನ್ನಷ್ಟು ಕೈ ಬದಲಿಸಲಿವೆ. ಅಂಥದೊಂದನ್ನು ಕೊಂಡು ಸ್ಪ್ರಿಂಗ್, ಆಯಿಲ್ ಬದಲಿಸಿದವರಿಗೆ ಕೊನೆಯ ಪರೀಕ್ಷೆ ಕೆಲವೇ ರೂಪಾಯಿಯ ಪ್ಲಾಸ್ಟಿಕ್ ಕೇಬಲ್ ಟೈನಿಂದ ಆಗುತ್ತದೆ. ಅದನ್ನು ಫೋರ್ಕ್ ಕೊಳವೆಗೆ ಸುತ್ತಿ, ಧೂಳುಮುಚ್ಚಳಕ್ಕೆ ತಾಗಿಸಿ, ಬೆಳಗಿನ ಜಾವ ಪೂನಮಲ್ಲಿ ರಸ್ತೆ ಹಿಡಿದು ಏಲಗಿರಿಯ ಕಡೆ ಒಂದು ಸುತ್ತು ಹಾಕಿ ಬರಬೇಕು. ಮರಳಿ ನಿಲ್ಲಿಸಿದಾಗ ಟೈ ಎಲ್ಲಿಗೆ ಸರಿದಿದೆಯೋ ಅಲ್ಲಿಯವರೆಗೆ ಫೋರ್ಕ್ ಕುಸಿದಿದೆ. ಕೊನೆಯ ಹತ್ತು ಹದಿನೈದು ಮಿ.ಮೀ. ಉಳಿದಿದ್ದರೆ ಕೈ ಹಚ್ಚುವುದು ಬೇಡ. ತುದಿಗೇ ಬಡಿದಿದ್ದರೆ ಫೋರ್ಕಿನೊಳಗಿನ ಎಣ್ಣೆಯ ಮಟ್ಟವನ್ನು 10 ಮಿ.ಮೀ. ಏರಿಸಿ, ಅಳತೆಯನ್ನು ಬರೆದಿಟ್ಟು, ಮುಂದಿನ ಭಾನುವಾರ ಅದೇ ದಾರಿಯಲ್ಲಿ ಮತ್ತೆ ಹೋಗಿಬರಬೇಕು.